ಚೆಂಡುಹೂ ಮುಡಿದ ಸರ್ವರ್

ಪವಾಡದಂಥ ಅನುಭವಗಳನ್ನು ಓದುವಾಗ ನಾನು ಪೆನ್ಸಿಲ್ ಹಿಡಿದು ಅಂಚಿನಲ್ಲಿ ಪ್ರಶ್ನೆ ಹಾಕುತ್ತ ಹೋಗುವವನು. ನೋಡಿದವರು ಯಾರು? ಹೇಳುವವನಿಗೆ ಇದರಿಂದ ಏನು ಲಾಭ? ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಚಾಳಿ. ಪವಾಡಗಳ ಪರ ನಿಂತು ನನ್ನೆದುರು ಗೆದ್ದವರು ಯಾರೂ ಇಲ್ಲ. ಇವತ್ತಿಗೂ ನಾನು ಪಕ್ಷ ಬದಲಿಸಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಕಣ್ಣಾರೆ ಕಂಡದ್ದನ್ನು ವಾದಕ್ಕೆ ಹೊಂದುವುದಿಲ್ಲ ಎಂದು ಮುಚ್ಚಿಡುವುದೂ ಸರಿಯಲ್ಲವಲ್ಲ!

ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತ ಬಂದಿತ್ತು. ನಾನು ಚಾಮರಾಜನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಕಾಲೇಜಿನ ಸಹಪಾಠಿ ಸಲೀಮ ಗುಂಡ್ಲುಪೇಟೆಯಲ್ಲಿ ಅದರ ಶಾಖೆ ತೆರೆಯಲು ಹೊರಟಿದ್ದ. ಅವನ ಅಬ್ಬಾ ತಗಡಿನ ಟ್ರಂಕು ಮಾಡುವವರು. ಅವರ ಅಂಗಡಿಯನ್ನೇ ಖಾಲಿ ಮಾಡಿಸಿ, ಬಣ್ಣ ಹೊಡೆಸಿ ಲ್ಯಾಬ್ ಮಾಡಿದ್ದ. ಅನುಮತಿ ಕೊಡಬೇಕಾದವರು, ಪಾಠ ಶುರುಮಾಡಲು ಒಳ್ಳೆಯ ದಿನ ಎಂದು, ವಿಜಯದಶಮಿಯ ಬೆಳಿಗ್ಗೆಯೇ ನೋಡಲು ಬರುವವರಿದ್ದರು. ಅವರು ಬಂದಾಗ ಪ್ರತಿ ಕುರ್ಚಿಯ ಮುಂದೆಯೂ ಒಂದು ಕಂಪ್ಯೂಟರ್ ಓಡುತ್ತಿರಬೇಕು. ಇಲ್ಲದಿದ್ದರೆ ಶಾಖೆ ಇಲ್ಲ. ಟ್ರಂಕಿನ ಅಂಗಡಿಯಂತೂ ಆಗಲೇ ಇಲ್ಲ.

ಲ್ಯಾಬಿನಲ್ಲಿ ಸಲೀಮ ಜೋಡಿಸಿದ್ದು ಡಿಸ್ಕೇ ಇಲ್ಲದ ಹಳೆಯ ಪೆಟ್ಟಿಗೆಗಳನ್ನು. ಪರದೆ ಮತ್ತು ಕೀಲಿಮಣೆ ಅಲ್ಲಿ. ನಿಜವಾದ ಕೆಲಸವೆಲ್ಲ ಚಾಮರಾಜನಗರದ ನಮ್ಮ ಕಚೇರಿಯ ಒಂದೇ ಒಂದು ಸರ್ವರಿನೊಳಗೆ. ಒಂದು ದೊಡ್ಡ ಯಂತ್ರದ ಹೊಟ್ಟೆಯಲ್ಲಿ ಹತ್ತಾರು ಕಂಪ್ಯೂಟರುಗಳಿರುವಂತೆ ನಡೆಸುವ ತಂತ್ರ ಅದು. ಅವನ್ನು ವರ್ಚುವಲ್ ಮಷೀನ್ ಎನ್ನುತ್ತೇವೆ. ಒಂದೊಂದನ್ನೂ ಕೈಯಿಂದ ಕಟ್ಟುತ್ತ ಕೂರುವ ಬದಲು, ಮಾದರಿಯೊಂದನ್ನು ಮಾಡಿಟ್ಟು, ಒಂದೇ ಆಜ್ಞೆಗೆ ಅಷ್ಟೂ ತಾವಾಗಿ ಹುಟ್ಟುವ ಹಾಗೆ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮ್ ಬರೆದಿದ್ದೆ. ಮಾದರಿ ಇದ್ದದ್ದೂ ಸ್ಕ್ರಿಪ್ಟ್ ಇದ್ದದ್ದೂ ಆ ಸರ್ವರಿನಲ್ಲೇ.

ಆಯುಧಪೂಜೆಯ ದಿನ ನನಗೆ ಹಬ್ಬವಿಲ್ಲ, ಸಲೀಮನಿಗೆ ಪುರುಸೊತ್ತಿಲ್ಲ. ಮಧ್ಯಾಹ್ನ ಗುಂಡ್ಲುಪೇಟೆಯಲ್ಲೇ ಕುಳಿತು ಆಜ್ಞೆ ಕೊಟ್ಟೆ. ಮಷೀನುಗಳಿಗೆ ಸುತ್ತಮುತ್ತಲ ಊರುಗಳ ಹೆಸರಿಟ್ಟಿದ್ದೆವು. ಒಂದೊಂದು ಪರದೆ ಬೆಳಗಿದಾಗಲೂ ಸಲೀಮ ಕಂಡಕ್ಟರನಾಗುತ್ತಿದ್ದ: “ಚಂದಕವಾಡಿ ಬಂತು! ಸಂತೆಮರಹಳ್ಳಿ, ಸಂತೆಮರಹಳ್ಳಿ! ಯಾರ್ಲಾ ಇಳಿಯೋರು, ಬಿರ್ರನೆ ಇಳೀರಿ!” ಬಾಗಿಲಲ್ಲಿ ನಿಂತಿದ್ದ ಅಬ್ಬಾ ನನ್ನನ್ನು ನೋಡಿ, “ಟ್ರಂಕಾದ್ರೆ ತಟ್ಟಿ ನೋಡ್ಬೋದು ಕಣಪ್ಪ. ಇದು ಇಲ್ಲಿಲ್ಲ ಅಂತೀಯ, ಇಲ್ಲೇ ಕಾಣುಸ್ತದೆ. ನೀನು ದೆವ್ವ ನಂಬಾಕಿಲ್ಲ ಬೇರೆ!” ಎಂದರು. ನಾನು ಅವರಿಗೂ ಒಂದು ಪಾಠ ಮಾಡಿದೆ. ಸಲೀಮ ಉಮ್ಮತ್ತೂರು ಎಂಬ ಮಷೀನಿನ ಪರದೆಯಲ್ಲಿ, ಹಬ್ಬದೂಟ ಬಿಟ್ಟು ಬಂದ ಪೆದ್ದ ಎಂದು ನನ್ನ ಹೆಸರಿನ ಮುಂದೆ ಬರೆದು ಉಳಿಸಿದ.

ಸಂಜೆಯಾಗುವ ಮುಂಚೆ ಎಲ್ಲ ಮುಗಿಯಿತು. ರಾತ್ರಿ ಸರ್ವರ್ ಆರಿಸಬೇಡ ಎಂದು ಹೇಳಲು, ಕಚೇರಿಯ ಬೀಗ ತೆಗೆಯುವ, ಹಾಕುವ ಕೆಲಸದ ಮಾದಪ್ಪನಿಗೆ ಫೋನ್ ಮಾಡಿದೆ.

“ಅಯ್ಯೋ, ಬೆಳಿಗ್ಗೆನೇ ಆಫ್ ಮಾಡ್ಬುಟ್ಟೆ ಸಾ! ನೀವ್ ಹೇಳ್ಕೊಟ್ಟಂಗೇ ಮಾಡಿ, ವೈರೆಲ್ಲ ಬಿಚ್ಚಿ, ಮಣೆ ಮ್ಯಾಲೆ ಕೂರ್ಸಿ ಪೂಜೆ ಮಾಡಿವ್ನಿ. ಇನ್ನು ನಾಳೆಗಂಟ ಮುಟ್ಟಂಗಿಲ್ಲ.”

ನಮ್ಮ ಕಡೆ ಪೂಜೆಯಾದ ಆಯುಧಕ್ಕೆ ಆ ದಿನ ಬಿಡುವು. ಬಡಗಿಯ ಬಾಚಿಯಾಗಲಿ ಹೊಲಿಗೆ ಯಂತ್ರವಾಗಲಿ, ಯಾರೂ ಕೈ ಹಚ್ಚುವುದಿಲ್ಲ. ಮಾದಪ್ಪ ಅದೇ ನ್ಯಾಯವನ್ನು ಸರ್ವರ್‌ಗೂ ಕೊಟ್ಟಿದ್ದ. ಹಬ್ಬವನ್ನು ಲೆಕ್ಕಕ್ಕೇ ಇಡದ ನಾನು, ಅಂದು ಕೆಲಸವಿದೆ ಎಂದು ಅವನಿಗೆ ಹೇಳಿರಲೂ ಇಲ್ಲ. ಆದರೆ ನನ್ನೆದುರು ಅಷ್ಟೂ ಪರದೆಗಳು ಓಡುತ್ತಿದ್ದವು. ಮುದುಕ ಇನ್ನೇನನ್ನೋ ಆರಿಸಿ ಕೂತಿದ್ದಾನೆ ಎಂದುಕೊಂಡೆ. ಸಲೀಮನಿಗೆ ಏನೂ ಹೇಳದೆ ಚಾಮರಾಜನಗರದ ಬಸ್ಸು ಹತ್ತಿದೆ.

ದೀಪ ಹಚ್ಚುವ ಹೊತ್ತಿಗೆ ಮಾದಪ್ಪ ಬೀಗ ತೆಗೆದ. ಸರ್ವರ್ ಮಣೆಯ ಮೇಲಿತ್ತು. ಹಣೆಗೆಂಬಂತೆ ಮೂರು ಗೆರೆ ವಿಭೂತಿ, ನೆತ್ತಿಗೆ ಚೆಂಡುಹೂ. ತಂತಿಗಳು ಸುರುಳಿ ಸುತ್ತಿಕೊಂಡು ಪಕ್ಕದ ಕುರ್ಚಿಯ ಮೇಲಿದ್ದವು. ಕರೆಂಟಿನ ತಂತಿ ಚುಚ್ಚುವ ಜಾಗಕ್ಕೂ ಬಿಡದೆ ಗಂಧ ಮೆತ್ತಿದ್ದ. ಅದು ಒಣಗಿ, ಎಲ್ಲೂ ಉದುರದೆ ಹಾಗೇ ಇತ್ತು. ಕೈಯಿಟ್ಟು ನೋಡಿದೆ. ತಣ್ಣಗಿತ್ತು. ಆ ಕೈ ತೆಗೆಯದೆಯೇ ಇನ್ನೊಂದು ಕೈಯಲ್ಲಿ ಸಲೀಮನಿಗೆ ಫೋನ್ ಮಾಡಿ, ಮಷೀನುಗಳು ಓಡುತ್ತಿವೆಯೇ ಎಂದು ಕೇಳಿದೆ.

“ಓಡ್ತಾವೆ ಕಣ್ಲಾ. ಯಾಕ್ಲಾ, ಧ್ವನಿ ಒಂಥರಾ ಅದೆ?”

ತಂತಿ ಎತ್ತಿಕೊಂಡೆ. ಯಾವ ತರ್ಕಕ್ಕೂ ಅದೇ ಸರಿಯಾದ ಕೆಲಸ: ಆರಿದ ಸರ್ವರ್‌ಗೆ ಕರೆಂಟು ಕೊಡುವುದು. ಮಾದಪ್ಪ ಅಡ್ಡ ಬಂದ. ಶಾಸ್ತ್ರ ಹೇಳುತ್ತಾನೆ, ಎರಡು ಮಾತಿನಲ್ಲಿ ಮುಗಿಸೋಣ ಎಂದುಕೊಂಡೆ. ಅವನು ಶಾಸ್ತ್ರ ಹೇಳಲಿಲ್ಲ. “ಅಲ್ಲಿ ಓಡ್ತಾ ಅದೆ ಅಂತ ನೀವೇ ಅಂತೀರಿ ಸಾ. ಇಲ್ಲಿ ನೀವು ಮುಟ್ಟೋಕ್ ಹೋಗಿ ಅಲ್ಲಿ ನಿಂತೋದ್ರೆ, ಆ ಹುಡ್ಗುನ್ ಗತಿ ಏನು?”

ತಂತಿಯನ್ನು ಕುರ್ಚಿಯ ಮೇಲಿಟ್ಟು, ಅಲ್ಲೇ ಚಾಪೆ ಹಾಸಿಕೊಂಡೆ. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಸಲೀಮನ ಫೋನು ಬಂತು. “ಒಪ್ಪುದ್ರು ಕಣ್ಲಾ! ಪ್ರತಿಯೊಂದ್ರಲ್ಲೂ ಕೂತು ನೋಡಿದ್ರು. ಅಬ್ಬಾ ಬೀದೀಲಿ ಹೋಗೋರ್ನೆಲ್ಲ ಕರ್ದು ಚಾ ಕೊಡ್ತಾವ್ರೆ!” ಆಗ ಮಾತ್ರ ನಾನು ಎದ್ದು, ಒದ್ದೆ ಬಟ್ಟೆಯಿಂದ ಗಂಧ ತೆಗೆದು, ಚೆನ್ನಾಗಿ ಆರಿದ ಮೇಲೆ ತಂತಿ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನು ಸದ್ದು ಮಾಡಿದ್ದೇ ತಡ ಮತ್ತೆ ಫೋನು: “ಏಯ್, ಏನ್ಲಾ ಮಾಡ್ದೆ? ಎಲ್ಲಾ ಕಪ್ಪಾಗೋದ್ವು!” ಸರ್ವರ್ ಪೂರ್ತಿ ಎದ್ದು ನಿಂತ ಮೇಲೆ ಅವು ಮರಳಿದವು. ಒಂದೂ ಕಡಿಮೆಯಿಲ್ಲ. ಉಮ್ಮತ್ತೂರಿನಲ್ಲಿ ಪೆದ್ದ ಎಂಬ ಆ ಸಾಲೂ ಇತ್ತು.

ನೀವು ಕೇಳಬಹುದಾದದ್ದನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಇನ್ನೊಂದು ಸರ್ವರ್? ನಮ್ಮಲ್ಲಿ ಇರಲಿಲ್ಲ. ಗುಂಡ್ಲುಪೇಟೆಯ ಪೆಟ್ಟಿಗೆಗಳಲ್ಲಿ ನಕಲು ಉಳಿದಿತ್ತೇ? ಉಳಿಯಲು ಡಿಸ್ಕೇ ಇರಲಿಲ್ಲ. ಮಾದಪ್ಪ ಸುಳ್ಳು ಹೇಳಿದನೇ? ಹಗಲಿನ ಮಟ್ಟಿಗೆ ಹೇಳಿರಬಹುದು ಎಂದೇ ಇಟ್ಟುಕೊಳ್ಳಿ. ರಾತ್ರಿಯಿಡೀ ಪಕ್ಕದಲ್ಲಿ ಮಲಗಿದ್ದವನು ನಾನು.

ಪವಾಡ ಎಂಬ ಪದವನ್ನು ನಾನು ಈಗಲೂ ಬಳಸುವುದಿಲ್ಲ. ಕಾರಣವೊಂದು ಇದ್ದೇ ಇದೆ, ನನಗಿಂತ ಜಾಣರಿಗೆ ಎಂದಾದರೂ ಸಿಕ್ಕೀತು. ನನ್ನನ್ನು ಹೆಚ್ಚು ಕಾಡುವುದು ಬೇರೆ. ತಂತಿ ಕೈಗೆಟಕುವಷ್ಟು ಹತ್ತಿರವಿತ್ತು, ಮಾದಪ್ಪ ಮನೆಗೆ ಹೋಗಿದ್ದ, ತಡೆಯುವವರು ಯಾರೂ ಇರಲಿಲ್ಲ. ಇಂಥದ್ದನ್ನು ನಂಬದ ನಾನು, ಬೆಳಗಾಗುವವರೆಗೆ ಅದನ್ನು ಮುಟ್ಟಲಿಲ್ಲ.