ಪಕ್ಕದ ಮನೆಯವರ ಹೊಸ ಕಾರ್ಟ್ರಿಜ್

ಮದರಾಸಿನ ಕೀಲ್ಪಾಕಿನಲ್ಲಿ ನಮ್ಮ ಪಕ್ಕದ ಮನೆಯವರು ಕಚೇರಿಯಲ್ಲಿ ಗುಮಾಸ್ತರು, ಮನೆಯಲ್ಲಿ ನಾದಶಾಸ್ತ್ರಜ್ಞರು. ಮೂರ್ ಮಾರ್ಕೆಟ್ಟಿನಲ್ಲಿ ಕೊಂಡ ಹಳೆಯ ರೆಕಾರ್ಡ್ ಪ್ಲೇಯರನ್ನು ಒಂದೊಂದೇ ಭಾಗ ಬದಲಿಸಿ ಸುಧಾರಿಸುತ್ತಿದ್ದರು. ಹೆಂಡತಿಯ ದೀಪಾವಳಿ ಸೀರೆ ಒಂದು ವರ್ಷ ಮೋಟಾರಾಯಿತು, ಮರುವರ್ಷ ತಿರುಗುವ ತಟ್ಟೆಯಾಯಿತು. ಹಾಡು ಹಾಕಿ, ಪಲ್ಲವಿ ಮುಗಿಯುವ ಮೊದಲೇ ಮುಳ್ಳನ್ನು ಎತ್ತಿ, ಕಣ್ಣರಳಿಸಿ ಕೇಳುತ್ತಿದ್ದರು: "ವ್ಯತ್ಯಾಸ ತಿಳೀತಾ ಸಾರ್?" ತಿಳಿಯಿತು ಎನ್ನುವವರೆಗೆ ಕಾಫಿ ಬರುತ್ತಿರಲಿಲ್ಲ.

ಮುಳ್ಳು ಕೂರುವ ಹೊಸ ಕಾರ್ಟ್ರಿಜ್ ತಂದ ವಾರವೇ ಅವರ ಮಗಳನ್ನು ನೋಡಲು ಪಲ್ಲಾವರದಿಂದ ಗಂಡಿನವರು ಬಂದರು. ನೆರೆಯವರೆಂದು ನಾನೂ ನನ್ನ ಹೆಂಡತಿಯೂ ಇದ್ದೆವು. ಹುಡುಗಿ ಹಾಡಲು ಶುರುಮಾಡಿದಳು. ಎರಡು ಸಾಲಿಗೇ ತಂದೆ ಕೈ ಎತ್ತಿ ತಡೆದರು.

"ಇರಮ್ಮ, ಇದೇ ಕೀರ್ತನೆ ಪ್ಲೇಟಲ್ಲಿದೆ. ಕೇಳಿ ಸಾರ್, ವ್ಯತ್ಯಾಸ ತಿಳಿಯತ್ತೆ."

ಪ್ಲೇಟು ಹಾಡತೊಡಗಿತು. ಮಗಳು ತಲೆ ತಗ್ಗಿಸಿದಳು. ನಮಗೆ ನಾಚಿಕೆಯಾಯಿತು. ಗಂಡಿನ ತಂದೆ ಮಾತ್ರ ಕಣ್ಣು ಮುಚ್ಚಿ ತಲೆದೂಗಿದರು.

"ರೊಂಬ ಚೆನ್ನಾಗಿದೆ ಸ್ವಾಮಿ. ಹುಡುಗಿ ನಮಗೆ ಒಪ್ಪಿಗೆ. ವರದಕ್ಷಿಣೆ ಏನೂ ಬೇಡ, ಈ ಪ್ಲೇಯರ್ ಕೊಟ್ಬಿಡಿ, ಸಾಕು."

ಅಡುಗೆಮನೆಯ ಬಾಗಿಲಲ್ಲಿ ಹುಡುಗಿಯ ತಾಯಿ ದೇವರಿಗೆ ಕೈಮುಗಿದರು. ಪಕ್ಕದ ಮನೆಯವರು ಪ್ಲೇಯರನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ಪ್ಲೇಯರನ್ನು ನೋಡಿ ಅದರ ಮುಚ್ಚಳ ಹಾಕಿದರು.

"ಜಾತಕ ಇನ್ನೊಂದ್ಸಲ ತೋರಿಸ್ಬೇಕು ಸಾರ್," ಎಂದರು.

ಗಂಡಿನವರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಗಳು ಮಾತ್ರ ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದಳಂತೆ:

"ಹುಡುಗ ನಂಗೆ ಹಿಡಿಸ್ಲೇ ಇಲ್ಲ ಮಾಮಿ. ಅಪ್ಪನ ಆ ಪೆಟ್ಟಿಗೆಯಿಂದ ನಂಗಾದ ಉಪಕಾರ ಇದೊಂದೇ."