ನಲ್ಲಿಯ ಹತ್ತಿರ ಅವ್ವ ಮಾತು ಬಿಟ್ಟಿದ್ದು

ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಸಾಲಿಗೆಲ್ಲ ಒಂದೇ ನಲ್ಲಿ. ಧಾರವಾಡದ ಕಡೆಯಿಂದ ಗುಮಾಸ್ತನಾಗಿ ಬಂದ ನಾನು, ನನ್ನ ಜೊತೆ ಅವ್ವ. ಅವಳಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆಯ ಗಂಧಗಾಳಿ ಇಲ್ಲ. ಆದರೇನು, ದಿನಾ ಬೆಳಿಗ್ಗೆ ಕೊಡ ಹಿಡಿದು ಹೋಗಿ ಎದುರುಮನೆಯ ಮರಾಠಿ ಆಜಿಯ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದಳು. ಇವಳದು ಕನ್ನಡ, ಅವಳದು ಮರಾಠಿ. ಮಂಡಿನೋವು, ಮದುವೆಗೆ ಒಪ್ಪದ ಮಗ, ಹುಣಸೆಹಣ್ಣಿನ ದರ, ಎಲ್ಲ ಇಬ್ಬರಿಗೂ ಬರೋಬರ್ ತಿಳಿಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ನಕ್ಕಿದ್ದನ್ನು ನಾನು ಕಂಡದ್ದು ಆ ನಲ್ಲಿಯ ಹತ್ತಿರ ಮಾತ್ರ.

ಭಾಷೆ ನೋಡಿ ರಾಜ್ಯಗಳನ್ನು ಹಂಚಿದ ಮರುವರ್ಷ ಚುನಾವಣೆ ಬಂತು. ನಮ್ಮ ಬಡಾವಣೆಯ ಮುಖಂಡನೊಬ್ಬ ಮನೆಮನೆಗೂ ಬಂದ. ನಮ್ಮಲ್ಲಿ ಚಹಾ ಕುಡಿದ, ಅವ್ವನ ಕಾಲಿಗೂ ಬಿದ್ದ. ಆಮೇಲೆ ದನಿ ತಗ್ಗಿಸಿ ಹಿಂದಿಯಲ್ಲಿ ಹೇಳಿದ: "ಬಾಬೂಜಿ, ಎದುರು ಪಕ್ಷದವರು ಗೆದ್ದರೆ ಪರಭಾಷೆಯವರನ್ನೆಲ್ಲ ಅವರವರ ರಾಜ್ಯಕ್ಕೆ ಅಟ್ಟುತ್ತಾರೆ. ಯಾವ ಮನೆಯಲ್ಲಿ ಯಾವ ಮಾತು ಅಂತ ಈಗಲೇ ಪಟ್ಟಿ ಮಾಡುತ್ತಿದ್ದಾರೆ. ನಮ್ಮ ಪೆಟ್ಟಿಗೆಗೆ ವೋಟು ಹಾಕಿ, ನಿಮ್ಮ ಹೊಣೆ ನಮ್ಮದು."

ಎಂಥ ಮುಠ್ಠಾಳ ನಾನು! ರೈಲ್ವೆ ನೌಕರಿಯನ್ನು ಯಾರು ಕಿತ್ತುಕೊಂಡಾರು ಎಂದು ಕೇಳುವ ಬುದ್ಧಿಯೂ ಬರಲಿಲ್ಲ. ಅವನು ಹೊರಟದ್ದೇ ತಡ, ಅವ್ವನ ಮುಂದೆ ಕೂತೆ.

"ಅವ್ವಾ, ಎಲೆಕ್ಷನ್ ಮುಗಿಯೂತನಕ ಹೊರಗ ಬಾಯಿ ಬಿಡಬ್ಯಾಡ."

"ಯಾಕೋ? ನಾ ಯಾರಿಗೇನ ಅಂದೆ?"

"ಏನೂ ಅಂದಿಲ್ಲ. ನಿನ್ನ ಕನ್ನಡ ಮಾತು ಯಾರರೆ ಕೇಳಿದ್ರ ನನ್ನ ನೌಕರಿ ಹೋಗತೈತಿ."

ಮರುದಿನದಿಂದ ಅವ್ವ ತಲೆ ತಗ್ಗಿಸಿ ಹೋಗಿ ನೀರು ತುಂಬಿಕೊಂಡು ಬರತೊಡಗಿದಳು. ಆಜಿ ನಾಲ್ಕು ದಿನ ಕರೆದು ಕರೆದು ವಿಚಾರಿಸಿದಳು. ಐದನೆಯ ದಿನ ತಾನೂ ಮುಖ ತಿರುಗಿಸಿದಳು. ಆಜಿಗೆ ನಿಜ ಹೇಳೋಣವೆಂದರೆ, ಅವಳ ಮಗ ಯಾವ ಪಕ್ಷದವನೋ ಎಂಬ ಹೆದರಿಕೆ.

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಮತದಾನದ ದಿನ ಪರದೆಯ ಹಿಂದೆ ನಾನೊಬ್ಬನೇ ಇದ್ದೆ, ನೋಡುವವರು ಯಾರೂ ಇರಲಿಲ್ಲ. ಆದರೂ ಕೈ ಆ ಮುಖಂಡ ಹೇಳಿದ ಪೆಟ್ಟಿಗೆಗೇ ಹೋಯಿತು.

ಅವನ ಪಕ್ಷ ಗೆದ್ದಿತು. ಪೇಡೆ ಹಂಚಲು ಬಂದಾಗ ಆ ಪಟ್ಟಿ ಏನಾಯಿತು ಎಂದು ಕೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಅರೇ ಬಾಬೂಜಿ, ಎಂಥ ಪಟ್ಟಿ! ಚುನಾವಣೆ ಅಂದ ಮೇಲೆ ನಾಲ್ಕು ಮಾತು ಹೇಳಬೇಕಾಗುತ್ತದೆ." ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. ಪೇಡೆ ತೆಗೆದುಕೊಂಡೆ.

ಒಳಗೆ ಹೋಗಿ, "ಅವ್ವಾ, ಅದೆಲ್ಲಾ ಸುಳ್ಳಂತ. ನಾಳಿಯಿಂದ ಆಜಿ ಕೂಡ ಮಾತಾಡು" ಎಂದೆ.

ಅವ್ವ ಎದ್ದು ಹೋಗಿ ಮೊದಲು ಬಾಗಿಲು ಹಾಕಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಮೆಲ್ಲಕ ಮಾತಾಡೋ" ಎಂದಳು. "ಯಾರರೆ ಕೇಳ್ಯಾರು."