ಒಂದು ಚೂರು ಚಿಗಳಿ

ಪಥ್ಯ ಶುರುವಾಗುವ ಹಿಂದಿನ ದಿನ ನನ್ನ ಹೆಂಡತಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಶೇಡಬಾಳದ ನಮ್ಮ ದ್ರಾಕ್ಷಿ ತೋಟದಲ್ಲೇ ಇಬ್ಬರೂ ಬುತ್ತಿ ಬಿಚ್ಚಿದೆವು.

"ನಾಳಿಂದ ಹುಳಿ, ಬದನೀಕಾಯಿ ಎಲ್ಲಾ ಬಂದ್. ಇವತ್ತ ಹೊಟ್ಟಿ ತುಂಬ ತಿಂತೀನ್ರಿ," ಎಂದಳು. ನನ್ನ ಮುಖ ನೋಡಿ, "ಪಥ್ಯ ನನಗ, ಮಾರಿ ಸಣ್ಣದಾಗಿದ್ದು ನಿಮ್ದು!" ಎಂದು ನಕ್ಕು, ನನ್ನ ರೊಟ್ಟಿಯ ಮೇಲೆ ಇನ್ನೊಂದು ಕಾಯಿ ಹಾಕಿದಳು.

ಅವಳ ಮೊಣಕಾಲು ನೋವಿಗೆ ಗಡಿಯಾಚೆಯಿಂದ ಸಂತೆಗೆ ಬರುತ್ತಿದ್ದ ವೈದ್ಯರೊಬ್ಬರು ಬೂದು ಬಣ್ಣದ ಭಸ್ಮ ಕೊಟ್ಟಿದ್ದರು. ಜೇನುತುಪ್ಪದಲ್ಲಿ ಕಲಸಿ ನೆಕ್ಕಬೇಕು. ಅದರಲ್ಲಿ ಸೀಸ ಇರುವುದನ್ನು ಅವರೇನೂ ಮುಚ್ಚಿಡಲಿಲ್ಲ. "ಹಸೀದಿದ್ರ ವಿಷ ತಾಯಿ, ಸುಟ್ಟು ಶುದ್ಧ ಮಾಡಿದ್ರ ಔಷಧ. ಪಥ್ಯ ಒಂದ್ ಬರೋಬ್ಬರಿ ಇರಲಿ," ಎಂದಿದ್ದರು.

ಮೊದಮೊದಲು ನೋವು ಇಳಿಯಿತು. ಆಮೇಲೆ ಹೊಟ್ಟೆ ಹಿಂಡತೊಡಗಿತು, ವಸಡಿನ ಅಂಚಿಗೆ ನೀಲಿಗಪ್ಪು ಗೆರೆ ಮೂಡಿತು. ಮತ್ತೆ ಅವರ ಬಳಿಗೇ ಹೋದೆವು. ನಾಡಿ ಹಿಡಿದು ಕೂತ ವೈದ್ಯರು ಕೇಳಿದ್ದು ಒಂದೇ: "ಖರೇ ಹೇಳ್ರಿ ತಾಯಿ, ಏನ್ ತಿಂದ್ರಿ?"

ಅವಳು ನೆಲ ನೋಡಿದಳು. ತಂಗಿಯ ಮಗಳ ಸೀಮಂತದಲ್ಲಿ ಒಂದು ಚೂರು ಚಿಗಳಿ ಬಾಯಿಗೆ ಹಾಕಿಕೊಂಡಿದ್ದಳಂತೆ. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಕಟ್ಟಿದ ಉಂಡೆಯಲ್ಲಿ ಒಂದು ಚೂರು. "ನೋಡ್ರಿ ಮತ್ತ!" ಎಂದರು ವೈದ್ಯರು.

ಪುಡಿ ನಿಲ್ಲಲಿಲ್ಲ. ಪಥ್ಯ ಮಾತ್ರ ಬಿಗಿಯಾಯಿತು. ಅವರು ಹೇಳದಿದ್ದರೂ ಉಪ್ಪನ್ನೂ ಬಿಟ್ಟಳು. ನೋವಿಗೆ ಮುದುಡಿ ಮಲಗಿದಾಗಲೂ, "ನನ್ನ ನಾಲಿಗಿ ಸುಡಲಿ, ನಾನ ಕೆಡಿಸಿಕೊಂಡೆರಿ," ಎನ್ನುತ್ತಿದ್ದಳು. ಪಥ್ಯ ಮುರಿದರೆ ಮದ್ದು ತಿರುಗಿ ಬೀಳುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು.

ಕೊನೆಗೆ ಮಿರಜಿನ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಸೀಸ ತುಂಬಿದೆ, ಮೂತ್ರಪಿಂಡ ಹೋಗಿದೆ ಎಂದರು ಅಲ್ಲಿಯ ಡಾಕ್ಟರು. ನಾನು ಚಿಗಳಿಯ ವಿಷಯ ಹೇಳಿದೆ. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಜ್ಜಾರ, ಪುಡಿಯಿಂದನ ಆಗಿದ್ದು," ಎಂದರು. ಅಷ್ಟರಲ್ಲಿ ಅವಳಿಗೆ ಪ್ರಜ್ಞೆ ಇರಲಿಲ್ಲ. ನಾನು ಕಿವಿಯ ಹತ್ತಿರ ಬಾಗಿ, ಚಿಗಳಿಯಿಂದ ಆದದ್ದಲ್ಲವೆಂದು ಹೇಳಿದೆ. ಅವಳು ಕಣ್ಣು ತೆರೆಯಲಿಲ್ಲ.

ಅವಳು ತೀರಿಹೋದ ಮೇಲೆ ಮಾತನಾಡಿಸಲು ಬರುವವರು ಈಗಲೂ ಜಗಲಿಯ ಮೇಲೆ ಕೂತು, "ಪಥ್ಯ ತಪ್ಪಿದ್ಲಂತ, ಪಾಪ," ಎನ್ನುತ್ತಾರೆ. ನಾನು ಪ್ರತಿಯೊಬ್ಬರಿಗೂ ಅಲ್ಲವೆಂದು ಹೇಳುತ್ತೇನೆ. ಅವಳಿಗೆ ಅದು ಗೊತ್ತಾಗಲಿಲ್ಲ.